ನಮ್ಮೂರಿನ ಕಾಯಂ ಶತ್ರುವಿನ ಪರವಾಗಿ

ಮಾನ್ಯ ಜಿಲ್ಲಾ ದಳಪತಿಗಳೇ,

ನಿಮ್ಮ ನಾಡಕಾವಲು ದಳದವರು ನನ್ನ ಗಂಡನನ್ನು ಪೈನ್ ಮರಕ್ಕೆ ಕಟ್ಟಿದರು, ತಲೆಗೆ ಚೀಲ ಹಾಕಿದರು, ಊಟಕ್ಕೆ ಬಂದರು. ನೀವೂ ಬಂದಿರಿ. ಉಂಡು, ಕೈ ತೊಳೆದು, ವಿದೇಶದ ಅತಿಥಿಗಳನ್ನು ಕಾರು ಹತ್ತಿಸಿ ಮನೆಗೆ ಹೊರಟಿರಿ. ಅವನು ಮರದಲ್ಲೇ ಇದ್ದ. ಇದೇ ನನ್ನ ದೂರು. ಇದನ್ನು ಇಷ್ಟು ಚಿಕ್ಕದಾಗಿ ಹೇಳಬಹುದು ಎನ್ನುವುದೇ ನನಗೆ ಅವಮಾನ.

ಜೂನ್ ತಿಂಗಳ ವಿಜಯ ದಿನದಂದು ನಮ್ಮೂರಿನ ಸಮುದಾಯ ಭವನದಲ್ಲಿ ನೀವು ಮಾಡಿದ ಭಾಷಣ ನನಗೆ ಬಾಯಿಪಾಠವಾಗಿದೆ. ಹೊಳೆಯುವ ಬೂಟು, ಎದೆಯ ಮೇಲೆ ಪದಕ, ಮುಂದೆ ಕಾಫಿಯ ಲೋಟ. "ಚಳಿಗಾಲದ ಸಮರಾಭ್ಯಾಸದ ವೇಳೆ ಒಬ್ಬ ಸ್ವಯಂಸೇವಕರನ್ನು ಸ್ಥಳದಲ್ಲಿ ಮರೆಯಲಾಯಿತು. ಘಟನೆಯಿಂದ ಪಾಠ ಕಲಿಯಲಾಗಿದೆ" ಎಂದಿರಿ. ನಾನು ಶಾಲೆಯಲ್ಲಿ ಎಸ್ಟೋನಿಯನ್ ಭಾಷೆ ಕಲಿಸುವವಳು. ನನ್ನ ತರಗತಿಯ ಮಕ್ಕಳು ಹೀಗೆ ಬರೆದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಯಾರು?' ಎಂದು ಪಕ್ಕದಲ್ಲಿ ಬರೆಯುತ್ತೇನೆ. ಮರೆತವರು ಯಾರು ಸ್ವಾಮಿ? ಪಾಠ ಕಲಿತವರು ಯಾರು? ಬಸ್ಸಿನ ಸೀಟಿನ ಮೇಲೆ ಛತ್ರಿಯನ್ನು ಮರೆಯಲಾಗುತ್ತದೆ, ಒಪ್ಪಿದೆ. ಎಷ್ಟು ಜಾಣ ವ್ಯಾಕರಣವಪ್ಪಾ ಇದು! ಕ್ರಿಯೆ ನಡೆದಿದೆ, ಬೆರಳುಗಳು ಹೋಗಿವೆ, ಮಾಡಿದವರು ಮಾತ್ರ ಇಡೀ ಜಿಲ್ಲೆಯಲ್ಲಿ ಯಾರೂ ಇಲ್ಲ.

ಅಂದು ನಾನು ಮೈಕು ಕೇಳಿದೆ. "ಇವತ್ತು ಸಂಭ್ರಮದ ದಿನ ಮೇಡಂ" ಎಂದು ನಿಮ್ಮವರೊಬ್ಬರು ನಗುತ್ತಲೇ ಮೈಕಿನ ತಂತಿ ಸುತ್ತಿಕೊಂಡು ಹೋದರು. ಅದಕ್ಕೇ ಈ ಪತ್ರಿಕೆಯ ಪುಟ ಕೇಳಿ ಪಡೆದಿದ್ದೇನೆ. ಇದಕ್ಕೆ ತಂತಿಯಿಲ್ಲ.

ಮೊದಲು, ನೀವು 'ಒಬ್ಬ ಸ್ವಯಂಸೇವಕರು' ಎಂದಿರಲ್ಲ, ಅವರ ಪರಿಚಯ ಮಾಡಿಸುತ್ತೇನೆ. ಹೆಸರು ಕುಪ್ರಿಯಾನ್ ಲಾಪ್ಟೆವ್. ಊರೆಲ್ಲ ಕರೆಯುವುದು ಕುಪ್ರಿ ಎಂದು. ಪೆಯ್ಪ್ಸಿ ಸರೋವರದ ದಂಡೆಯ ಈರುಳ್ಳಿ ಬೆಳೆಗಾರ. ಚಳಿಗಾಲದಲ್ಲಿ ಹಿಮಗಟ್ಟಿದ ಸರೋವರದ ಮೇಲೆ ಬಲೆ ಬಿಡುವವನು. ತಾನೇ ಕಟ್ಟಿಕೊಂಡ ದೊಡ್ಡ ಬಲೂನು ಚಕ್ರಗಳ ಗಾಡಿಯಲ್ಲಿ ಹಿಮದ ಮೇಲೆ ಓಡಾಡುತ್ತಾನೆ. ಬಿರುಕಿನಲ್ಲಿ ಸಿಕ್ಕಿಬಿದ್ದ ಎಷ್ಟೋ ಮೀನುಗಾರರನ್ನು ಆ ಗಾಡಿಯಲ್ಲೇ ಎಳೆದು ತಂದಿದ್ದಾನೆ. ಅವನ ಜನ ರಷ್ಯನ್ ಮಾತಾಡುವ ಹಳೆಯ ವಿಧಿಯ ಕ್ರೈಸ್ತರು. ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಎರಡು ಬೆರಳು ಜೋಡಿಸಬೇಕೋ ಮೂರು ಬೆರಳೋ ಎಂಬ ಜಗಳದಲ್ಲಿ ಎರಡೇ ಎಂದು ಹಟ ಹಿಡಿದು, ರಷ್ಯಾದ ದೊರೆ ತ್ಸಾರನ ಸೈನಿಕರಿಂದ ತಪ್ಪಿಸಿಕೊಂಡು ಈ ದಂಡೆಗೆ ಬಂದವರು. ನಮ್ಮ ಗಣರಾಜ್ಯ ಹುಟ್ಟುವುದಕ್ಕೂ ಮೊದಲೇ ಇಲ್ಲಿ ಈರುಳ್ಳಿ ನೆಡುತ್ತಿದ್ದವರು. ನಿಮ್ಮ ಅಜ್ಜ ಈ ಜಿಲ್ಲೆಗೆ ಎಲ್ಲಿಂದ ಬಂದರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಆದರೆ ಕುಪ್ರಿಯನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ವಸಂತಕಾಲದಲ್ಲಿ ಹಿಮದ ದೊಡ್ಡ ಹಲಗೆಯೊಂದು ಕಿತ್ತುಕೊಂಡು ಮೀನುಗಾರರ ಸಮೇತ ತೇಲಿಹೋಯಿತು. ನಿಮ್ಮ ದಳದ ಹುಡುಗರು ಹಗ್ಗ, ದೋಣಿ ಹಿಡಿದು ಬಂದರು. ಕುಪ್ರಿ ಗಾಡಿ ತಂದ. ಎಲ್ಲರೂ ಸೇರಿ ಜನರನ್ನು ದಡ ಮುಟ್ಟಿಸಿದರು. ಅಂದು ಸಂಜೆ ಅವನು ಅಡುಗೆಮನೆಯಲ್ಲಿ ಒದ್ದೆ ಬೂಟು ಕಳಚುತ್ತಾ, "ಉರ್ವೆ, ನಾನೂ ದಳ ಸೇರ್ಕೋತೀನಿ" ಎಂದ.

"ನಿಂಗ್ಯಾಕೆ ಅದು?"

"ಮನೇಲಿದ್ದೀನಿ ಅಂದ್ಮೇಲೆ ಬಾಗಿಲು ಕಾಯೋ ಸರದಿ ನಂದೂ ಒಂದಿರ್ಬೇಕಲ್ವಾ?"

ಒಲೆಯ ಪಕ್ಕ ಕುಳಿತಿದ್ದ ನನ್ನ ಅತ್ತೆ ಫೆವ್ರೋನ್ಯಾ ತಲೆಯೆತ್ತದೆ ಹೇಳಿದರು: "ಹೋಗಪ್ಪಾ, ಹೋಗು. ನಿನ್ನ ಈ ಗಡ್ಡ ನೋಡಿ, ನಿನ್ನ ಬಾಯಲ್ಲಿ ಬರೋ ಮಾತು ಕೇಳಿ, ಅವ್ರು ನಿಂಗೆ ಕೋವಿ ಕೊಡ್ತಾರೆ ಅಂದ್ಕೊಂಡ್ಯಾ? ನಿನ್ನ ಎದುರಿಗೆ ನಿಲ್ಲಿಸ್ಕೊಂಡು ಗುರಿ ಇಡೋದು ಕಲೀತಾರೆ."

ಕೋವಿ ಕೊಟ್ಟಿರಿ. ಅದನ್ನು ನಾನು ಮರೆತಿಲ್ಲ. ಪ್ರಮಾಣವಚನವನ್ನು ನಮ್ಮ ಭಾಷೆಯಲ್ಲಿ ತಪ್ಪಿಲ್ಲದೆ ಹೇಳಬೇಕೆಂದು ಈರುಳ್ಳಿಯನ್ನು ಜಡೆಯಂತೆ ಹೆಣೆಯುತ್ತಾ, ಹಿಮಕ್ಕೆ ತೂತು ಕೊರೆಯುತ್ತಾ, ನಿದ್ದೆಗಣ್ಣಲ್ಲೂ ಅವನು ಅದನ್ನು ಗೊಣಗುತ್ತಿದ್ದ. ನಾನು ಸ್ವರಗಳನ್ನು ತಿದ್ದುತ್ತಿದ್ದೆ. ಪ್ರಮಾಣದ ದಿನ ಅವನ ಧ್ವನಿ ನಡುಗಿತು. ನಾನು ಸಭೆಯಲ್ಲಿ ಕೂತು ಅವನ ಜೊತೆ ತುಟಿ ಆಡಿಸುತ್ತಿದ್ದೆ. ಆ ಸಂಭ್ರಮದಲ್ಲಿ ನಾನೂ ಮಹಿಳಾ ತುಕಡಿ ಸೇರಿ, ಶಿಬಿರದ ಅಡುಗೆಗೆ ಸೌಟು ಹಿಡಿದೆ.

ಆಮೇಲೆ ಮೊದಲ ಸಮರಾಭ್ಯಾಸ ಬಂತು. ಅಭ್ಯಾಸಕ್ಕೆ ಒಂದು ಶತ್ರುಪಕ್ಷ ಬೇಕಲ್ಲ, ನಮ್ಮಲ್ಲಿ ಅದು ಯಾವಾಗಲೂ ಗಡಿಯಾಚೆಯ ರಷ್ಯನ್ನರೇ. ನಮ್ಮ ತುಕಡಿಯ ಮುಖಂಡ ಆರ್ವೆಡ್, ಮರ ಕೊಯ್ಯುವ ಮಿಲ್ಲಿನ ಮಾಲೀಕ, ಸಾಲಾಗಿ ನಿಂತವರನ್ನೆಲ್ಲ ಒಮ್ಮೆ ನೋಡಿ ಕುಪ್ರಿಯ ಮುಂದೆ ನಿಂತನಂತೆ. "ನೀನಿದ್ದೀಯಲ್ಲಯ್ಯಾ! ಗಡ್ಡ ಇದೆ, ಭಾಷೆ ಇದೆ. ನಿಂಗೆ ಮೇಕಪ್ಪೂ ಬೇಡ." ಎಲ್ಲರೂ ನಕ್ಕರು. ಕುಪ್ರಿಯೂ ನಕ್ಕ. ಅವನು ಚೆನ್ನಾಗಿಯೇ ಶತ್ರುವಾದ. ಪೊದೆಯ ಹಿಂದಿನಿಂದ ರಷ್ಯನ್‌ನಲ್ಲಿ ಗದರಿದ, ಹೆದರಿಸಿದ, ಕೊನೆಗೆ ಸಿಕ್ಕಿಬಿದ್ದ, ಎಲ್ಲರಿಗೂ ಮನೆಯಿಂದ ತಂದ ಈರುಳ್ಳಿ ಕಡುಬು ಹಂಚಿದ.

ಎರಡನೇ ಅಭ್ಯಾಸದಲ್ಲೂ ಶತ್ರು. ಮೂರನೆಯದರಲ್ಲೂ. ವಸಂತದ ಅಭ್ಯಾಸ, ಶರತ್ಕಾಲದ ಅಭ್ಯಾಸ, ಪಕ್ಕದ ಊರಿನವರ ಜೊತೆಗಿನ ಜಂಟಿ ಅಭ್ಯಾಸ, ಎಲ್ಲದರಲ್ಲೂ ಅವನೇ. ಸೇತುವೆ ಕಾಯುವ ಸರದಿ ಒಮ್ಮೆಯೂ ಅವನಿಗೆ ಬರಲಿಲ್ಲ. ಸೇತುವೆಗೆ ಬಾಂಬಿಡುವ ಸರದಿ ತಪ್ಪಲಿಲ್ಲ. ಅವನನ್ನು ಹಿಡಿದು, ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಆಮೇಲೆ ಎಬ್ಬಿಸಿ ಬೆನ್ನು ತಟ್ಟಿ "ಭೇಷ್ ಕುಪ್ರಿ" ಎನ್ನುತ್ತಿದ್ದರು. ಒಮ್ಮೆ ಅವನು ತಡೆಯಲಾರದೆ ಕೇಳಿದನಂತೆ, "ಆರ್ವೆಡ್, ಒಂದ್ಸಲ ನಾನು ನಮ್ಮೋರ ಕಡೆ ಇರ್ಲಾ?" ಎಂದು. "ನಮ್ಮೋರ ಕಡೆ ಜನ ಬೇಕಾದಷ್ಟಿದಾರೆ ಕಣಯ್ಯಾ. ನಿನ್ನಂಥೋನು ಒಬ್ನೇ" ಎಂದು ಆರ್ವೆಡ್ ಉತ್ತರ ಕೊಟ್ಟನಂತೆ. ಕುಪ್ರಿ ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಹೇಳಿದ.

ನಾನು ಅದನ್ನು ಹೊಗಳಿಕೆ ಎಂದುಕೊಳ್ಳಲಿಲ್ಲ. ಹೋದ ಶರತ್ಕಾಲದ ಅಭ್ಯಾಸ ನೋಡಲು ನೀವು ಬಂದಾಗ, ನಿಮಗೆ ಕಾಫಿ ಕೊಡುತ್ತಾ ಕೇಳಿದೆ: "ನನ್ನ ಗಂಡನಿಗೆ ಯಾವಾಗ್ಲೂ ಶತ್ರು ಪಾತ್ರಾನೇ ಯಾಕೆ ಸಾರ್?" ನೀವು ನಕ್ಕಿರಿ. ನಿಮ್ಮ ನಗು ಚೆನ್ನಾಗಿದೆ, ಹಲ್ಲುಗಳೂ ಚೆನ್ನಾಗಿವೆ. "ನಾಟಕ ಅಂದ್ಮೇಲೆ ಒಬ್ಬ ಖಳನಾಯಕ ಇರ್ಲೇಬೇಕಲ್ಲ ಮೇಡಂ" ಎಂದಿರಿ. ಹಾಗಾದರೆ ಖಳನಿಗೆ ಆಗಾಗ ರಜೆ ಕೊಟ್ಟು ಪಾತ್ರ ಬದಲಿಸುವ ಪದ್ಧತಿ ನಿಮ್ಮ ನಾಟಕ ಕಂಪನಿಯಲ್ಲಿ ಇಲ್ಲವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ನೀವು ಸಕ್ಕರೆ ಕೇಳಿದಿರಿ.

ಈಗ ಫೆಬ್ರವರಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ವ್ಯಂಗ್ಯವಾಡುವುದಿಲ್ಲ. ನಡೆದದ್ದೇ ಸಾಕಷ್ಟು ವ್ಯಂಗ್ಯವಾಗಿದೆ.

ಜವುಗುಭೂಮಿಯ ಅಂಚಿನಲ್ಲಿ ಶಿಬಿರ. ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ. ಬೆಳಿಗ್ಗೆ ನೀವು ಎಲ್ಲರನ್ನೂ ನಿಲ್ಲಿಸಿ ಹೇಳಿದಿರಿ: ಈ ಬಾರಿ ಮಿತ್ರದೇಶದ ವೀಕ್ಷಕರು ಬರುತ್ತಿದ್ದಾರೆ, ಎಲ್ಲವೂ ನಿಜದಂತಿರಬೇಕು, ಸೈರನ್ ಆಗುವವರೆಗೆ ಯಾರೂ ಪಾತ್ರ ಬಿಟ್ಟು ಹೊರಬರಕೂಡದು, ನಿಜವಾಗಿಯೂ ಅಪಾಯವಾದರೆ ಮಾತ್ರ ನಿಗದಿಯಾದ ಪದವನ್ನು ಕೂಗಬೇಕು. ನಾನು ಬಟಾಣಿ ಸಾರಿನ ಹಂಡೆಯ ಬಳಿ ನಿಂತು ಕೇಳಿಸಿಕೊಂಡೆ. ಕುಪ್ರಿ ತನ್ನ ಗಾಡಿಯನ್ನು ನಮ್ಮ ಡೇರೆಯ ಪಕ್ಕ ನಿಲ್ಲಿಸಿ, ನನಗೆ ಕಣ್ಣು ಮಿಟುಕಿಸಿ ಶತ್ರುಪಕ್ಷದ ಕಡೆ ನಡೆದ.

ಮಧ್ಯಾಹ್ನಕ್ಕೆ ಮೊದಲೇ ಅವನನ್ನು ಹಿಡಿದರು. ಆರ್ವೆಡ್ ಮತ್ತು ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕ ಹೆಯ್ಕಿ. ಪೈನ್ ಮರಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ ಸೊಂಟಕ್ಕೆ ಹಗ್ಗ ಬಿಗಿದರು. ಕೈಗಳನ್ನು ಮರದ ಹಿಂದೆ ತಂದು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದರು. ಉಣ್ಣೆಯ ಕೈಗವಸಿನ ಮೇಲೆ ಪಟ್ಟಿ ಜಾರುತ್ತದೆಂದು ಕೈಗವಸು ಕಳಚಿದರು. "ಸ್ವಲ್ಪ ಹೊತ್ತು ತಾನೇ" ಎಂದ ಆರ್ವೆಡ್. ತಲೆಗೆ ಗೋಣಿಚೀಲ ಹಾಕಿದರು. ಎರಡನೇ ತುಕಡಿಯವರು ಬಂದು ಕೈದಿಯನ್ನು ವಿಚಾರಣೆಗೆ ಕರೆದೊಯ್ಯಬೇಕು, ಅದು ಯೋಜನೆ.

ಎರಡನೇ ತುಕಡಿ ಬರಲಿಲ್ಲ. ಏಕೆಂದರೆ ನಿಮ್ಮ ವೀಕ್ಷಕರ ಕಾಲಿಗೆ ಚಳಿ ಹಿಡಿಯಿತು. ಪಾಪ, ಅವರ ಬೂಟು ಊರೊಳಗೆ ಹಾಕುವಂಥವು. ನೀವು ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಸೈರನ್ ಹಾಕಿಸಿ, ಎಲ್ಲರನ್ನೂ ಊಟಕ್ಕೆ ಕರೆದಿರಿ. ಚೀಲದೊಳಗೆ ಕಿವಿ ಮುಚ್ಚಿ ನಿಂತವನಿಗೆ ಜವುಗಿನ ಆಚೆ ತುದಿಯ ಸೈರನ್ ಕೇಳಲಿಲ್ಲ. ಎರಡನೇ ತುಕಡಿಯವರು ಕೈದಿಯನ್ನು ಮೊದಲನೆಯವರು ಬಿಟ್ಟಿರುತ್ತಾರೆಂದುಕೊಂಡರು. ಮೊದಲನೆಯವರು ಎರಡನೆಯವರು ಬಿಟ್ಟಿರುತ್ತಾರೆಂದುಕೊಂಡರು. ನೀವು ಏನನ್ನೂ ಅಂದುಕೊಳ್ಳಲಿಲ್ಲ.

ಊಟದ ಡೇರೆಯಲ್ಲಿ ನಿಮಗೆ ಬಡಿಸಿದವಳು ನಾನೇ. ಸುತ್ತ ನೋಡಿದೆ, ಶತ್ರುಪಕ್ಷದ ಉಳಿದವರು ಬಂದಿದ್ದರು, ಕುಪ್ರಿ ಕಾಣಲಿಲ್ಲ. "ಸಾರ್, ಕೈದಿಗಳು ಇನ್ನೂ ಬಂದಿಲ್ವಾ? ಅವ್ರಿಗೂ ಸಾರು ಬಿಸಿ ಇರುವಾಗ್ಲೇ ಕೊಡ್ಬೇಕಿತ್ತು" ಎಂದೆ.

"ಏನ್ರೀ ಇದು, ಶತ್ರುಗೂ ಊಟ ಹಾಕ್ತೀರಾ?" ಎಂದಿರಿ. ಅತಿಥಿಗಳ ಕಡೆ ತಿರುಗಿ ಅದನ್ನೇ ಅವರ ಭಾಷೆಯಲ್ಲಿ ಹೇಳಿದಿರಿ. ಅವರು ನಕ್ಕರು. ನೀವು ಬಟ್ಟಲು ಮುಂದೆ ಚಾಚಿ, "ಇನ್ನೊಂದು ಸೌಟು ಹಾಕಿ, ತಳದ್ದು ಹಾಕಿ, ಮಾಂಸ ತಳದಲ್ಲಿರತ್ತೆ" ಎಂದಿರಿ. ಹಾಕಿದೆ. ಆ ಹೊತ್ತಿಗೆ ಪೈನ್ ಮರದ ಬಳಿ ಏನಾಗುತ್ತಿತ್ತೆಂದು ಆಮೇಲೆ ನನಗೆ ಗೊತ್ತಾಯಿತು. ನಿಮಗೂ ಗೊತ್ತಾಗಲಿ.

ಹೆಯ್ಕಿ ಕೆಲವು ದಿನಗಳ ನಂತರ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ಟೋಪಿ ಹಿಂಡುತ್ತಾ ನಿಂತ. "ಉರ್ವೆ ಟೀಚರ್, ನಂಗೆ ಕೇಳಿಸಿತ್ತು" ಎಂದ.

"ಏನು ಕೇಳಿಸಿತ್ತು?"

"ಕುಪ್ರಿ ಕೂಗ್ತಿದ್ದಿದ್ದು. ಸೈರನ್ ಆದ್ಮೇಲೆ ನಾನೂ ಆರ್ವೆಡ್ಡೂ ಸ್ಕೀ ಮೇಲೆ ವಾಪಸ್ ಬರ್ತಿದ್ವಿ. ಪೈನ್ ಮರಗಳ ಕಡೆಯಿಂದ ರಷ್ಯನ್‌ನಲ್ಲಿ ಕೂಗ್ತಿದ್ದ. ಆರ್ವೆಡ್ ನಿಂತು ಕೇಳಿದ. 'ಏನ್ ಆಕ್ಟಿಂಗ್ ಮಾರಾಯಾ! ಇನ್ನೂ ಬಿಟ್ಟಿಲ್ವಲ್ಲ ಇವ್ನು' ಅಂದ. ನಾವು ನಕ್ವಿ. ಎರಡನೇ ತುಕಡಿಯವ್ರು ಅಲ್ಲೇ ಇರ್ತಾರೆ, ಅವ್ರ ಮುಂದೆ ನಾಟಕ ಆಡ್ತಿದಾನೆ ಅಂದ್ಕೊಂಡ್ವಿ."

"ಏನಂತ ಕೂಗ್ತಿದ್ದ?"

"ನಂಗೆ ರಷ್ಯನ್ ಬರಲ್ಲ ಟೀಚರ್."

"ಆರ್ವೆಡ್‌ಗೆ ಬರತ್ತೆ. ಅವ್ನು ಏನಂದ?"

ಹೆಯ್ಕಿ ಟೋಪಿಯನ್ನು ಇನ್ನೊಂದು ಸುತ್ತು ಹಿಂಡಿದ. ಆಮೇಲೆ ಅಂದ: "'ಅಮ್ಮನ್ನ ಕರೀತಿದಾನೆ' ಅಂದ."

ಒಳಗೆ ಒಲೆಯ ಪಕ್ಕ ಆ ಅಮ್ಮ ಕುಳಿತಿದ್ದರು. ಅವರಿಗೆ ನಮ್ಮ ಭಾಷೆ ಅಷ್ಟಾಗಿ ಬರುವುದಿಲ್ಲ. "ಯಾರಮ್ಮಾ ಬಂದಿರೋದು? ಏನಂತೆ?" ಎಂದು ಕೇಳಿದರು. ನಾನು ಹೇಳಲಿಲ್ಲ. ಇಂದು ಈ ಪತ್ರಿಕೆಯನ್ನು ಅವರಿಗೆ ಯಾರಾದರೂ ಓದಿ ಹೇಳುತ್ತಾರೆ, ಆಗ ತಿಳಿಯುತ್ತದೆ.

ನಿಮ್ಮ ವಿಚಾರಣಾ ಸಮಿತಿಯು 'ಸ್ವಯಂಸೇವಕರು ನಿಗದಿತ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿರುವುದು ಕಂಡುಬಂದಿಲ್ಲ' ಎಂದಿದೆ. ಉಚ್ಚರಿಸಿದ್ದ. ಮೊದಲು ಅದನ್ನೇ ಕೂಗಿದೆ ಎಂದು ಕುಪ್ರಿ ಹೇಳುತ್ತಾನೆ, ನಮ್ಮ ಭಾಷೆಯಲ್ಲಿ, ನಿಮ್ಮ ಪದವನ್ನೇ, ಗಂಟಲು ಹರಿಯುವಷ್ಟು. ಆ ಪದದ ಮೊದಲ ಸ್ವರ ಅವನ ನಾಲಿಗೆಗೆ ಯಾವತ್ತೂ ಸರಿಯಾಗಿ ಕೂತಿಲ್ಲ, ನಿಜ. ತಿದ್ದಿ ತಿದ್ದಿ ನಾನೇ ಸೋತಿದ್ದೇನೆ. ಆಮೇಲೆ 'ಆಟ ಸಾಕು, ಬಿಡಿ' ಎಂದು ಕೂಗಿದ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕರೆದ. ದವಡೆ ಮರಗಟ್ಟಿದ ಮೇಲೆ ಕಲಿತ ಭಾಷೆ ಮೊದಲು ಹೋಯಿತು, ಹುಟ್ಟುಭಾಷೆ ಉಳಿಯಿತು. ಅದರಲ್ಲಿ ಕೂಗಿದ್ದು ಅವನ ತಪ್ಪು. ದಳಪತಿಗಳೇ, ಒಂದು ಸಣ್ಣ ಪ್ರಶ್ನೆ. ಪ್ರಾಣ ಹೋಗುವಾಗ ನೀವು ಯಾವ ಭಾಷೆಯಲ್ಲಿ ಕೂಗುತ್ತೀರಿ ಎಂದು ಮೊದಲೇ ತೀರ್ಮಾನಿಸಿದ್ದೀರಾ? ಅದನ್ನು ಯಾವ ಸಮಿತಿ ಪರಿಶೀಲಿಸುತ್ತದೆ?

ಹಂಡೆ ತೊಳೆದು, ಡೇರೆ ಮಡಚುವ ಹೊತ್ತಿಗೆ ಬಿಸಿಲು ಮರಗಳ ತಲೆಯಿಂದಲೂ ಇಳಿದಿತ್ತು. ಲಾರಿಗಳು ಹೊರಡುತ್ತಿದ್ದವು. ಡೇರೆ ತೆಗೆದಾಗ ಅದರ ಹಿಂದೆ ಕುಪ್ರಿಯ ಬಲೂನು ಚಕ್ರದ ಗಾಡಿ ಬೆಳಿಗ್ಗೆ ನಿಲ್ಲಿಸಿದಲ್ಲೇ ನಿಂತಿತ್ತು, ಮೈತುಂಬ ಮಂಜು ಹೊದ್ದು. "ಆರ್ವೆಡ್, ಕುಪ್ರಿ ಎಲ್ಲಿ?" ಎಂದು ಕೂಗಿದೆ.

"ಆಗ್ಲೇ ಬಂದಿರ್ಬೇಕಲ್ಲ. ಎರಡನೇ ತುಕಡಿಯವ್ರು ಬಿಚ್ಚಿದ್ರಲ್ಲ."

"ಗಾಡಿ ಇಲ್ಲೇ ಇದೆ."

ಆರ್ವೆಡ್‌ಗೆ ಅರ್ಥವಾಗುವ ಮೊದಲೇ ಹೆಯ್ಕಿಗೆ ಅರ್ಥವಾಯಿತು. ಸ್ಕೀ ಕೂಡ ಹಾಕಿಕೊಳ್ಳದೆ ಸೊಂಟದುದ್ದ ಹಿಮದಲ್ಲಿ ಬೀಳುತ್ತಾ ಏಳುತ್ತಾ ಓಡಿದ. ನಾನು ಅವನ ಹಿಂದೆ ಓಡಿದೆ.

ಕುಪ್ರಿ ಮರಕ್ಕೆ ಜೋತು ನಿಂತಿದ್ದ. ಹಗ್ಗ ಇಲ್ಲದಿದ್ದರೆ ಬಿದ್ದಿರುತ್ತಿದ್ದ. ಬಾಯಿಂದ ಬಂದ ಹಬೆ ಹೆಪ್ಪುಗಟ್ಟಿ ಚೀಲ ಗಡ್ಡಕ್ಕೆ ಅಂಟಿಕೊಂಡಿತ್ತು. ಎಳೆದರೆ ಚರ್ಮ ಬರುತ್ತಿತ್ತು. ಹೆಯ್ಕಿ ಚಾಕುವಿನಿಂದ ಚೀಲ ಕೊಯ್ದ, ಅದರ ಜೊತೆ ಗಡ್ಡವೂ ಕೊಯ್ದು ಬಂತು. ನಾನು ಮರದ ಹಿಂದೆ ಹೋಗಿ ಕೈ ನೋಡಿದೆ. ಮೇಣದ ಬತ್ತಿಗಳ ಹಾಗಿದ್ದವು. ಒಂದನ್ನು ಮುಟ್ಟಿದೆ, ಕಟ್ಟಿಗೆ ಮುಟ್ಟಿದಂತಾಯಿತು. ಹಗ್ಗ ಬಿಚ್ಚಿ ಹಿಮದ ಮೇಲೆ ಮಲಗಿಸಿದಾಗ ಅವನು ಕಣ್ಣು ತೆರೆದು ನನ್ನನ್ನು ಗುರುತು ಹಿಡಿದ. ತುಟಿ ಅಲುಗಿತು. ಕಿವಿ ಹಚ್ಚಿ ಕೇಳಿದೆ. ನಮ್ಮ ಭಾಷೆಯಲ್ಲೇ ಹೇಳಿದ, ಒಂದೊಂದೇ ಅಕ್ಷರ ಹೆಕ್ಕಿ:

"ಉರ್ವೆ, ನಾನು ಏನೂ ಬಾಯಿ ಬಿಡ್ಲಿಲ್ಲ."

ಹಿಡಿದವರಿಗೆ ಗುಟ್ಟು ಹೇಳಲಿಲ್ಲ ಎಂದು. ಕೂಗಿ ಕೂಗಿ ಸೋತ ಮೇಲೆ, ಮಂಪರಿನಲ್ಲಿ, ಅವನು ಮತ್ತೆ ಪಾತ್ರದಲ್ಲಿದ್ದ. ಸೈರನ್ ಆಗುವವರೆಗೆ ಯಾರೂ ಹೊರಬರಕೂಡದೆಂದು ನೀವು ಅಪ್ಪಣೆ ಕೊಟ್ಟಿದ್ದಿರಲ್ಲ. ನಿಮ್ಮ ಇಡೀ ದಳದಲ್ಲಿ ಅಂದು ನಿಮ್ಮ ಅಪ್ಪಣೆಯನ್ನು ಕೊನೆಯವರೆಗೆ ಪಾಲಿಸಿದ ಒಬ್ಬನೇ ಸಿಪಾಯಿ ಮರಕ್ಕೆ ಕಟ್ಟಿಸಿಕೊಂಡ ಶತ್ರು.

ತಾರ್ತು ನಗರದ ಆಸ್ಪತ್ರೆಯಲ್ಲಿ ವೈದ್ಯರು ವಾರಗಟ್ಟಲೆ ಕಾದರು, ಉಳಿಸಲು ನೋಡಿದರು. ಎಡಗೈಯಲ್ಲಿ ಈಗ ಒಂದೂ ಬೆರಳಿಲ್ಲ. ಬಲಗೈಯಲ್ಲಿ ಹೆಬ್ಬೆರಳು ಉಳಿದಿದೆ. ಅತ್ತೆಯನ್ನು ಕರೆದುಕೊಂಡು ಹೋದೆ. ಬ್ಯಾಂಡೇಜು ಬಿಚ್ಚಿದ ಮೇಲೆ ಮೊದಲ ಬಾರಿ ಅವರು ಮಗನ ಕೈ ನೋಡಿದ್ದು. ಅಳಲಿಲ್ಲ. ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, ಏನನ್ನೋ ಹುಡುಕುವವರಂತೆ ನೋಡಿದರು. "ಇನ್ನು ದೇವ್ರ ಮುಂದೆ ನಿಂತಾಗ ಯಾವುದ್ರಲ್ಲಿ ಗುರುತು ಹಾಕ್ಕೋತೀಯಾ ಮಗಾ?" ಎಂದು ಕೇಳಿದರು. ಗಡ್ಡ ತೆಗೆಯುವುದೂ ಅವರ ವಿಧಿಯಲ್ಲಿ ಪಾಪ; ಕುಪ್ರಿ ಬೋಳಾದ ಗದ್ದವನ್ನು ಭುಜದಲ್ಲಿ ಮುಚ್ಚಿಕೊಂಡ. ನಾನು ಹಳೆಯ ವಿಧಿಯವಳಲ್ಲ, ಯಾವ ವಿಧಿಯವಳೂ ಅಲ್ಲ. ಆದರೂ ಹೇಳುತ್ತೇನೆ. ಎರಡು ಬೆರಳಿನ ಮಾನ ಉಳಿಸಿಕೊಳ್ಳಲು ಆ ಜನ ಮನೆಮಠ ಬಿಟ್ಟು ಕಾಡು ಸೇರಿದರು. ತ್ಸಾರ್ ತನ್ನ ಸೈನ್ಯವನ್ನೆಲ್ಲ ಬಳಸಿ ಕಿತ್ತುಕೊಳ್ಳಲಾಗದ ಆ ಎರಡು ಬೆರಳನ್ನು ನೀವು ಒಂದು ಊಟದ ಹೊತ್ತಿನಲ್ಲಿ ಕಿತ್ತುಕೊಂಡಿರಿ. ನಿಮ್ಮ ದಕ್ಷತೆಗೆ ಅಭಿನಂದನೆ.

ಬ್ಯಾಂಡೇಜು ಬಿಚ್ಚುವ ಮೊದಲೇ ನೀವೂ ಆಸ್ಪತ್ರೆಗೆ ಬಂದಿದ್ದಿರಿ, ಛಾಯಾಗ್ರಾಹಕನ ಜೊತೆ. ಮಂಚದ ಬಳಿ ನಿಂತು ಅಭ್ಯಾಸಬಲದಿಂದ ಕೈ ಮುಂದೆ ಚಾಚಿದಿರಿ, ಕುಲುಕಲು. ಕುಪ್ರಿ ಅಷ್ಟೇ ಅಭ್ಯಾಸಬಲದಿಂದ ಬಟ್ಟೆ ಸುತ್ತಿದ ಮೊಂಡುಗೈ ಎತ್ತಿದ. ನೀವು ಅದನ್ನೇ ಎರಡು ಸಲ ತಟ್ಟಿದಿರಿ, ಬೀದಿನಾಯಿಯ ತಲೆ ತಟ್ಟುವಂತೆ. ಚೀಲದಿಂದ ಒಂದು ಮರದ ಫಲಕ ತೆಗೆದಿರಿ. ಅಭ್ಯಾಸದ ಕೊನೆಗೆ ಪ್ರತಿ ವರ್ಷ ಕೊಡುವ ತಮಾಷೆಯ ಬಹುಮಾನಗಳಲ್ಲಿ ಒಂದು. 'ಅತ್ಯಂತ ನೈಜ ಶತ್ರು' ಎಂದು ಅದರ ಮೇಲೆ ಸುಟ್ಟು ಬರೆದಿತ್ತು. ಅದು ಮೊದಲೇ ಮಾಡಿಸಿದ್ದಂತೆ, ವ್ಯರ್ಥವಾಗಬಾರದೆಂದು ತಂದಿರಂತೆ. ಕುಪ್ರಿ "ಥ್ಯಾಂಕ್ಸ್ ಸಾರ್" ಎಂದ. ಹಿಡಿದುಕೊಳ್ಳಲು ಆಗಲಿಲ್ಲವೆಂದು ನೀವು ಅದನ್ನು ಅವನ ಎದೆಯ ಮೇಲೆ ಇಟ್ಟು ಫೋಟೋ ತೆಗೆಸಿಕೊಂಡಿರಿ.

ನಾನು ಆ ಫಲಕವನ್ನು ಒಲೆಗೆ ಹಾಕಬೇಕೆಂದಿದ್ದೆ. ಕುಪ್ರಿ ಬಿಡಲಿಲ್ಲ. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಬರುವಷ್ಟೇ ಸಿಟ್ಟು ಅವನ ಮೇಲೂ ಬರುತ್ತದೆ. ವಿಜಯ ದಿನದ ಸಭೆಗೆ ಸಮವಸ್ತ್ರ ಹಾಕಿಕೊಂಡೇ ಬರುತ್ತೇನೆಂದ. ಗುಂಡಿಗಳನ್ನು ನಾನು ಹಾಕಿದೆ, ಬೂಟಿನ ದಾರ ನಾನು ಕಟ್ಟಿದೆ. ರಾಷ್ಟ್ರಗೀತೆಗೆ ಎಲ್ಲರಿಗಿಂತ ಮೊದಲು ಎದ್ದು ನಿಂತ. ನೀವು ಆ ಕರ್ತೃವಿಲ್ಲದ ವಾಕ್ಯ ಹೇಳಿದಾಗ ಇಡೀ ಸಭಾಂಗಣ ಅವನ ಕಡೆ ತಿರುಗಿತು. ನಾನು ಮೈಕು ಕೇಳಲು ಎದ್ದರೆ, "ಕೂತ್ಕೋ ಉರ್ವೆ, ಪಾಪ, ಅವ್ರಿಗೂ ಮುಜುಗರ ಆಗ್ತಿದೆ" ಎಂದು ಪಿಸುಗುಟ್ಟಿದ. ಯಾರಿಗೆ? ನಿಮಗೆ! ನಿಮ್ಮ ಮುಜುಗರದ ಬಗ್ಗೆ ಈ ಜಿಲ್ಲೆಯಲ್ಲಿ ಚಿಂತೆ ಮಾಡುವ ಏಕೈಕ ಮನುಷ್ಯ ನೀವು ಮರಕ್ಕೆ ಕಟ್ಟಿ ಮರೆತವನು. ಇಂಥವನನ್ನು ಕಟ್ಟಿಹಾಕುವುದು ಎಷ್ಟು ಸುಲಭ ನೋಡಿ. ಹಗ್ಗವೂ ಬೇಕಿರಲಿಲ್ಲ.

ಈರುಳ್ಳಿ ಹೆಣೆಯುವ ಕಾಲ ಬರುತ್ತಿದೆ. ಅವನ ಕೈಯಲ್ಲಿ ಜಡೆಯಾಗುತ್ತಿದ್ದ ಈರುಳ್ಳಿಯನ್ನು ಈ ವರ್ಷ ಅತ್ತೆ ಹೆಣೆಯುತ್ತಾರೆ, ಕಣ್ಣು ಮಂಜಾಗಿದ್ದರೂ. ಬಲೆಯ ಗಂಟು ಬಿಡಿಸಲು ಪಕ್ಕದ ಮನೆಯವರು ಬರುತ್ತಾರೆ. ಇವೆಲ್ಲ ಹೇಗೋ ಆಗುತ್ತದೆ. ಅಂಗಿಯ ಗುಂಡಿಗೆ, ಚಮಚಕ್ಕೆ, ಕಕ್ಕಸಿನ ಬಾಗಿಲ ಚಿಲಕಕ್ಕೆ ನಾನಿದ್ದೇನೆ. ನಿಮ್ಮಿಂದ ಅನುಕಂಪ ಕೇಳಲು ಈ ಕಾಗದ ಬರೆಯುತ್ತಿಲ್ಲ.

ಬರೆಯುತ್ತಿರುವುದು ಹೋದ ಭಾನುವಾರ ನಡೆದದ್ದಕ್ಕಾಗಿ. ಆರ್ವೆಡ್ ನಿಮ್ಮ ಪರವಾಗಿ ಒಂದು ಡಬ್ಬಿ ಮಿಠಾಯಿ ಹಿಡಿದು ಬಂದ. ಫೆಬ್ರವರಿಯ ನಂತರ ಅವನು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕುಳಿತು ನೆಲಕ್ಕೆ ಮಾತಾಡಿದ.

"ಕುಪ್ರಿ, ವಿಷ್ಯ ಏನಪ್ಪಾ ಅಂದ್ರೆ, ಕೋವಿ ಹಿಡಿಯೋಕಾಗಲ್ಲ ಅಂದ್ಮೇಲೆ ನಿನ್ನನ್ನ ರಕ್ಷಕನಾಗಿ ಇಟ್ಕೊಳ್ಳೋ ಹಾಗಿಲ್ಲ. ನಿಯಮ ಹಾಗಿದೆ."

ಕುಪ್ರಿ ತಲೆಯಾಡಿಸಿದ. "ಗೊತ್ತಿತ್ತು. ಕೋವಿ ಒಳಗಿದೆ, ಉರ್ವೆ ಎಣ್ಣೆ ಹಾಕಿ ಇಟ್ಟಿದಾಳೆ, ತಗೊಂಡ್ಹೋಗು."

"ಇರು, ಪೂರ್ತಿ ಕೇಳು. ದಳಪತಿಗಳು ನಿಂಗೋಸ್ಕರ ತುಂಬಾ ಯೋಚ್ನೆ ಮಾಡಿ ಒಂದು ದಾರಿ ಹುಡುಕಿದಾರೆ. ರಕ್ಷಕನಾಗಿ ಆಗ್ದೇ ಇದ್ರೂ ಶತ್ರುವಾಗಿ ಇರ್ಬಹುದಂತೆ. ಅದಕ್ಕೆ ಕೋವಿ ಬೇಕಾಗಲ್ಲ. ಕೈದಿಗೆ ಕೈ ಯಾಕೆ ಬೇಕು, ಹೌದೋ ಅಲ್ವೋ?"

ನಾನು ಚಹಾದ ಪಾತ್ರೆ ಹಿಡಿದು ನಿಂತಿದ್ದೆ. ಆ ಕುದಿಯುವ ನೀರನ್ನು ಅವನ ತಲೆಯ ಮೇಲೆ ಸುರಿಯದಿದ್ದದ್ದು ನನ್ನ ಶಿಕ್ಷಕ ವೃತ್ತಿಗೆ ಕೊಟ್ಟ ಕೊನೆಯ ಗೌರವ.

"ಅಂದ್ರೆ," ಕುಪ್ರಿ ನಿಧಾನವಾಗಿ ಕೇಳಿದ, "ನನ್ನನ್ನ ತೆಗೆದುಹಾಕಿಲ್ಲ?"

"ಇಲ್ಲಪ್ಪಾ! ಯಾರು ಹೇಳಿದ್ದು? ಬರೋ ಅಕ್ಟೋಬರ್‌ಗೆ ದೊಡ್ಡ ಅಭ್ಯಾಸ ಇದೆ. ನೀನು ಬರ್ತೀಯಾ ಅಂತಾನೇ ಲೆಕ್ಕ."

ಆರ್ವೆಡ್ ಹೋದ ಮೇಲೆ ನನ್ನ ಗಂಡ ನನ್ನ ಕಡೆ ತಿರುಗಿದ. ಮದುವೆಯಾದ ದಿನವೂ ಅವನ ಮುಖ ಹಾಗೆ ಬೆಳಗಿರಲಿಲ್ಲ. "ನೋಡಿದ್ಯಾ ಉರ್ವೆ," ಎಂದ, "ಬಿಡ್ಲಿಲ್ಲ ನನ್ನನ್ನ." ಅತ್ತೆ ಒಲೆಯ ಬೂದಿಗೆ ಉಗುಳಿ ಎದ್ದುಹೋದರು.

ಮಾನ್ಯರೇ, ಅವನು ಒಪ್ಪಿಕೊಂಡಿದ್ದಾನೆ. ಅಂದಿನಿಂದ ಮಾತೆಲ್ಲ ಅಕ್ಟೋಬರಿನದೇ. ಗಡ್ಡ ಅಷ್ಟರಲ್ಲಿ ಬೆಳೆಯುತ್ತದೆಯೇ ಎಂದು ಕನ್ನಡಿ ನೋಡುತ್ತಾನೆ. ಎರಡು ಅಂಗೈ ನಡುವೆ ತಗಡಿನ ಲೋಟ ಹಿಡಿದು ಚೆಲ್ಲದೆ ಕುಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಾನೆ, ಶಿಬಿರದಲ್ಲಿ ಯಾರಿಗೂ ತೊಂದರೆಯಾಗಬಾರದಂತೆ. ನಾನು ಬೇಡವೆಂದರೆ, "ನಿಂಗೇನು ಗೊತ್ತು, ಅವ್ರೇ ಹೇಳಿಕಳಿಸಿದಾರೆ" ಎನ್ನುತ್ತಾನೆ.

ಪರಿಹಾರ, ಪದಕ, ಕ್ಷಮಾಪಣೆ, ಯಾವುದೂ ನನಗೆ ಬೇಡ. ನನ್ನ ಬೇಡಿಕೆ ಒಂದೇ. ಅಕ್ಟೋಬರಿಗೆ ಮೊದಲು ನೀವೇ ನಮ್ಮ ಮನೆಗೆ ಬನ್ನಿ. ಆರ್ವೆಡ್ ಬೇಡ, ಛಾಯಾಗ್ರಾಹಕ ಬೇಡ, ಮಿಠಾಯಿ ಬೇಡ. ಅವನ ಎದುರು ಕುಳಿತು, ಅವನ ಕಣ್ಣಿಗೆ ಕಣ್ಣಿಟ್ಟು, ಅವನಿಗೆ ಚೆನ್ನಾಗಿ ಅರ್ಥವಾಗುವ ನಮ್ಮ ಭಾಷೆಯಲ್ಲೇ ನಿಜ ಹೇಳಿ: ಅವನು ನಿಮ್ಮವನೆಂದು ನೀವು ಒಂದು ದಿನವೂ ಅಂದುಕೊಂಡಿರಲಿಲ್ಲ, ಇನ್ನು ಮುಂದೆಯೂ ಅಂದುಕೊಳ್ಳುವುದಿಲ್ಲ ಎಂದು. ಇಲ್ಲಿ ಓದಿದರೆ ಅವನು ನಂಬುವುದಿಲ್ಲ, ನಿಮ್ಮ ಬಾಯಿಂದ ಬಂದರಷ್ಟೇ ನಂಬುತ್ತಾನೆ. ಅದನ್ನು ಕೇಳಿ ಅವನು ಸತ್ತಂತಾಗುತ್ತಾನೆ, ನನಗೆ ಗೊತ್ತು. ನನ್ನ ಬಾಯಿಂದ ಆ ಮಾತು ಹೊರಡಿಸಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ಅದಕ್ಕೆ ಬೇಕಾದ ಕಲ್ಲೆದೆ ನನಗಿಲ್ಲ. ನಿಮಗಿದೆ.

ಇಂತಿ,
ತಮ್ಮ ಶತ್ರುಪಕ್ಷಕ್ಕೆ ಸೇರಿದವರ ಹೆಂಡತಿ,
ಉರ್ವೆ ಲಾ‌ಪ್ಟೆವಾ